ಇಪ್ಪತ್ತೊಂದು ರುಜು

ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು. ಓದಿದ್ದು ಏಳನೇ ಕ್ಲಾಸು, ಅದರಲ್ಲೂ ಎರಡು ವರ್ಷ ಒಂದೇ ಬೆಂಚು ಕಾಯಿಸಿದವಳು. ಆದರೆ ಆರು ಆಸ್ಪತ್ರೆಗಳ ಬೆಡ್‌ಶೀಟು, ದಿಂಬಿನ ಕವರು, ಡಾಕ್ಟರ ಕೋಟುಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸುವ ಆ ದೊಡ್ಡ ಶೆಡ್ಡಿನಲ್ಲಿ, ಇಸ್ತ್ರಿ ರೋಲರಿನ ಮುಂದೆ ನಿಂತ ಹೆಂಗಸರಲ್ಲಿ ಅವಳ ಹತ್ತಿರ ಕಲಿಯದವರು ಒಬ್ಬರೂ ಇರಲಿಲ್ಲ. ಹದಿನೇಳು ವರ್ಷದಿಂದ ಹೊಸಬರನ್ನು ಅವಳಿಗೇ ಒಪ್ಪಿಸುತ್ತಿದ್ದರು. ಆ ಹದಿನೇಳು ವರ್ಷದಲ್ಲಿ ಒಬ್ಬರ ಬೆರಳೂ ರೋಲರಿಗೆ ಸಿಕ್ಕಿರಲಿಲ್ಲ.

ರೋಲರ್ ಅಂದರೆ ಸಣ್ಣದೇನಲ್ಲ. ಇಬ್ಬರು ಉದ್ದಕ್ಕೆ ಮಲಗಿದಷ್ಟು ಉದ್ದದ ಉಕ್ಕಿನ ಉರುಳೆ, ಒಳಗೆಲ್ಲ ಬಿಸಿ ಉಗಿ. ಎರಡು ಕಡೆ ಇಬ್ಬರು ನಿಂತು, ಒದ್ದೆ ಶೀಟಿನ ಮೂಲೆ ಹಿಡಿದು, ಜಗ್ಗಿ, ನೆಟ್ಟಗೆ ಒಳಗೆ ಬಿಡಬೇಕು. ಆಚೆ ಕಡೆಯಿಂದ ಅದು ಕಾಗದದ ಹಾಗೆ ಗರಿಗರಿಯಾಗಿ ಬರುತ್ತದೆ. ಬಟ್ಟೆ ಒಳಗೆ ಹೋಗುವ ಬಾಯಿಯ ಮೇಲೆ ಉದ್ದಕ್ಕೂ ಒಂದು ಕೆಂಪು ಪಟ್ಟಿ. ಕೈ ಅದಕ್ಕೆ ತಗುಲಿದರೆ ಯಂತ್ರ ನಿಲ್ಲುತ್ತದೆ. ಆದರೆ ನಿಲ್ಲುವ ಹೊತ್ತಿಗೆ ಇನ್ನೊಂದು ಗೇಣು ತಿರುಗಿರುತ್ತದೆ. ಆ ಒಂದು ಗೇಣೇ ಟೀಚರಿನ ಇಡೀ ಪಾಠ.

ಮೊದಲ ವಾರ ಬರೀ ಮಡಚುವುದು. ಎರಡನೇ ವಾರ ಒದ್ದೆ ಶೀಟು ಕೊಡವಿ ಮೂಲೆ ಹುಡುಕುವುದು. ಮೂರನೇ ವಾರ ಉಗಿ ಬಿಡದ ತಣ್ಣನೆಯ ರೋಲರಿನ ಮುಂದೆ ನಿಲ್ಲಿಸಿ, ಹರಕು ಶೀಟುಗಳನ್ನು ಕೊಟ್ಟು, ಒಂದೇ ಒಂದು ವಿದ್ಯೆ ಕಲಿಸುತ್ತಿದ್ದಳು: ಬಿಡುವುದು. ಒಳಗೆ ಹೋಗುತ್ತಿರುವ ಬಟ್ಟೆಯ ಅಂಚು ಮಡಚಿಕೊಂಡರೆ ಯಾರ ಕೈಯಾದರೂ ಸರಿಮಾಡಲು ತಾನಾಗಿ ಮುಂದೆ ಹೋಗುತ್ತದೆ. ಹುಟ್ಟಿದಾಗಿನಿಂದ ಕೈ ಕಲಿತದ್ದೇ ಅದು. ಟೀಚರ್ ಬೇಕೆಂದೇ ಅಂಚು ಮಡಚಿ ಒಳಗೆ ಬಿಟ್ಟು, "ಬಿಡು!" ಎಂದು ಕಿರುಚುತ್ತಿದ್ದಳು. ಕಿರುಚಿದ ಕೂಡಲೇ ಎರಡೂ ಕೈ ತಲೆಯ ಮೇಲೆ ಹೋಗಬೇಕು. ದಿನಕ್ಕೆ ನೂರು ಸಲ, ಇನ್ನೂರು ಸಲ.

"ಸುಕ್ಕಾದ್ರೆ ಆಗ್ಲಿ, ಹರಿದ್ರೆ ಹರೀಲಿ, ನಿಮ್ಮಪ್ಪನ ಮನೆ ಗಂಟೇನೂ ಹೋಗಲ್ಲ" ಅನ್ನುತ್ತಿದ್ದಳು. "ನಿಮ್ಮ ಕಿವಿಗೆ ಹೇಳೋಕೆ ಒಂದು ನಿಮಿಷ ಸಾಕು. ಕೈಗೆ ಹೇಳೋಕೆ ಒಂದು ವಾರ ಬೇಕು. ಕೈಗೆ ಕಿವಿ ಇಲ್ಲ ನೋಡಿ."

ಅವಳ ಹತ್ತಿರ ಕಲಿತವರು ದಾರಿಯಲ್ಲಿ ಪೊಲೀಸರನ್ನು ಕಂಡರೂ ಕೈ ಎತ್ತುತ್ತಾರೆ ಅಂತ ಶೆಡ್ಡಿನಲ್ಲಿ ತಮಾಷೆ. ಒಬ್ಬಳು ಮನೆಯಲ್ಲಿ ಹಾಲು ಉಕ್ಕಿದಾಗ ಒಲೆ ಆರಿಸುವುದು ಬಿಟ್ಟು ಎರಡೂ ಕೈ ಮೇಲೆತ್ತಿ ನಿಂತಳಂತೆ. ಆ ಮಾತು ಕೇಳಿದ ದಿನ ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಒಳಗೊಳಗೇ ಹೆಮ್ಮೆಯೂ ಪಟ್ಟಿದ್ದಳು. ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಚರ್ಮ ನಯವಾಗಿ ಹೊಳೆಯುತ್ತಿತ್ತು. ಅವಳ ಗುರು ಅದೇ.

ಆ ವರ್ಷ ಕಂಪನಿಗೆ ತರಬೇತಿ ವಿಭಾಗ ಅಂತ ಒಂದು ಹೊಸ ಕೋಣೆ ಬಂತು. ಅದಕ್ಕೊಬ್ಬ ಮುಖ್ಯಸ್ಥ ಬಂದ. ತೆಳ್ಳನೆಯ ಮನುಷ್ಯ, ಯಾರಿಗೂ ಗಟ್ಟಿ ದನಿಯಲ್ಲಿ ಮಾತಾಡಿದವನಲ್ಲ, ಎದುರು ಸಿಕ್ಕವರಿಗೆಲ್ಲ ಮೊದಲು ತಾನೇ ನಮಸ್ಕಾರ ಹೇಳುವವನು. ಯಾವ ಮಾತಿಗೂ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸುತ್ತಿದ್ದುದರಿಂದ ಹೆಂಗಸರು ಅವನಿಗೆ ಸ್ಲೈಡ್ ಸಾಹೇಬ ಅಂತ ಹೆಸರಿಟ್ಟರು. ಅವನು ಒಂದು ವಾರ ಟೀಚರಿನ ಬೆನ್ನ ಹಿಂದೆಯೇ ಓಡಾಡಿ, ಅವಳು ಕಲಿಸುವುದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದ. ಆಮೇಲೆ ಅವಳನ್ನು ಕರೆದು, ಕುರ್ಚಿ ಹಾಕಿ, ಟೀ ತರಿಸಿದ.

"ನಿಮ್ಮ ಹದಿನೇಳು ವರ್ಷದ ಅನುಭವ ಈಗ ನಲವತ್ತು ನಿಮಿಷದ ವಿಡಿಯೋ ಆಗಿದೆ ಮೇಡಂ. ಇನ್ನು ಇಪ್ಪತ್ತೊಂದು ದಿನ ಬೇಕಾಗಿಲ್ಲ. ನಾಲ್ಕು ದಿನ ಸಾಕು. ವಿಡಿಯೋ, ಒಂದು ಪುಸ್ತಕ, ಕೊನೇಲಿ ಪರೀಕ್ಷೆ."

"ಮೂರನೇ ವಾರ ಎಲ್ಲಿ ಹೋಯ್ತು ಸರ್?"

"ವಿಡಿಯೋದಲ್ಲಿದೆಯಲ್ಲ. ಬಿಡು ಅಂತ ನೀವೇ ಕೂಗ್ತೀರಿ. ತುಂಬಾ ಚೆನ್ನಾಗಿ ಬಂದಿದೆ."

"ನೋಡಿದ್ರೆ ಕೈಗೆ ಬರುತ್ತಾ ಸರ್? ಈಜೋದನ್ನ ದಡದಲ್ಲಿ ಕೂತು ನೋಡಿದ ಹಾಗಾಗುತ್ತೆ."

ಅವನು ನಕ್ಕು, ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡ. ಬರೆದುಕೊಂಡನೆಂದು ಅವಳಿಗೆ ಸಮಾಧಾನವಾಯಿತು. ಅದರಿಂದ ಏನೂ ಆಗಲಿಲ್ಲ.

ಪ್ರತಿ ಹೊಸಬಳಿಗೂ ಒಂದು ತರಬೇತಿ ಪುಸ್ತಕ. ಅದರಲ್ಲಿ ಮಾತ್ರ ಇಪ್ಪತ್ತೊಂದು ಚೌಕಗಳು ಹಾಗೇ ಉಳಿದಿದ್ದವು, ಯಾಕೆಂದರೆ ಆಸ್ಪತ್ರೆಯವರು ದಾಖಲೆ ಕೇಳುತ್ತಿದ್ದರು. ದಿನಕ್ಕೊಂದು ಚೌಕ, ಚೌಕಕ್ಕೊಂದು ರುಜು. ನಾಲ್ಕನೇ ದಿನ ಸಂಜೆಯೇ, ಇಪ್ಪತ್ತೊಂದಕ್ಕೂ ರುಜು ಹಾಕಿಕೊಡಿ ಎಂದು, ಪುಸ್ತಕಗಳ ಕಟ್ಟು ಟೀಚರಿನ ಮುಂದೆ ಬಂತು. ಮೊದಲ ತಂಡಕ್ಕೆ ಅವಳು ಮೂರು ದಿನ ರುಜು ಹಾಕಲಿಲ್ಲ. ಆಮೇಲೆ ಮ್ಯಾನೇಜರ್ ಕರೆದು, "ನೀವು ಹಾಕದಿದ್ರೆ ಈ ಏಳು ಜನ ನಾಳೆಯಿಂದ ಮನೇಲಿರ್ತಾರೆ, ನೋಡಿ" ಎಂದಷ್ಟೇ ಹೇಳಿದ. ಆ ಏಳು ಮಂದಿ ಬಾಗಿಲ ಆಚೆ ನಿಂತಿದ್ದರು. ಅವಳು ಎರಡು ಸಲ ಪೆನ್ನು ಕೆಳಗಿಟ್ಟಳು, ಆಮೇಲೆ ಹಾಕಿದಳು. ಊಟದ ಬಿಡುವಿನಲ್ಲಿ ಅವರನ್ನು ತಣ್ಣನೆಯ ರೋಲರಿಗೆ ಎಳೆದುಕೊಂಡು ಹೋಗಿ ಆದಷ್ಟು ಹೇಳಿಕೊಟ್ಟಳು. ಏನೂ ಆಗಲಿಲ್ಲ. ಎರಡನೇ ತಂಡ ಬಂತು, ಮತ್ತೆ ಏಳು ಮಂದಿ. ಈ ಸಲ ಪೆನ್ನು ಕೆಳಗಿಡಲಿಲ್ಲ. ಊಟದ ಬಿಡುವಿನಲ್ಲಿ ಊಟ ಮಾಡಿದಳು. ಆಗಲೂ ಏನೂ ಆಗಲಿಲ್ಲ.

ಮೂರನೇ ತಂಡದಲ್ಲಿ ಅವಳ ನಾದಿನಿ ಬಂದಳು.

ನಾದಿನಿಗೆ ನಲವತ್ಮೂರು ವರ್ಷ. ಮನೆಯಲ್ಲಿ ಇನ್ನೂ ಪುಟ್ಟಿಯೇ. ತಾಯಿ ಹಾಸಿಗೆ ಹಿಡಿದ ಹನ್ನೊಂದು ವರ್ಷವೂ ಪಕ್ಕದಲ್ಲೇ ಇದ್ದು ಉಣಿಸಿ, ತೊಳೆದು, ಹೊರಳಿಸಿ ನೋಡಿಕೊಂಡವಳು. ಅದರಲ್ಲೇ ಮದುವೆಯ ಮಾತು ಬಂದು ಹೋಗಿ ತಣ್ಣಗಾಯಿತು. ತಾಯಿ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದಳು. ಅಣ್ಣ, ಅಂದರೆ ಟೀಚರಿನ ಗಂಡ, ಬಡಗಿ, ಮಾತು ಕಡಿಮೆ. ಮನೆಯ ಮಾತನ್ನೆಲ್ಲ ಅವಳೇ ಆಡುತ್ತಿದ್ದಳು. ಎಡಗೈಯವಳು. ಚಮಚ, ಪೊರಕೆ, ಸೂಜಿ, ಎಲ್ಲ ಎಡಗೈಯಲ್ಲೇ. "ದೇವರು ನನ್ನನ್ನ ಕನ್ನಡಿಯೊಳಗಿಂದ ಎತ್ತಿಕೊಂಡುಬಿಟ್ಟ ಅತ್ತಿಗೆ" ಅನ್ನುತ್ತಿದ್ದಳು.

ಕೆಲಸಕ್ಕೆ ಸೇರಿಸಿ ಎಂದು ಅವಳೇ ಕೇಳಿದ್ದು. ಗುರುತಿನ ಚೀಟಿ ಬಂದ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊರಳಿಗೆ ಹಾಕಿಕೊಂಡೇ ಅಡುಗೆ ಮಾಡಿದಳು, ಹಾಕಿಕೊಂಡೇ ಮಲಗಿದಳು.

"ತೆಗೆದಿಡೇ, ಕುತ್ತಿಗೆಗೆ ಸುತ್ಕೊಳ್ಳುತ್ತೆ" ಅಂದಳು ಟೀಚರ್.

"ಕನಸಲ್ಲಿ ಯಾರಾದ್ರೂ ನೀನ್ಯಾರು ಅಂತ ಕೇಳಿದ್ರೆ ತೋರಿಸೋಕೆ ಬೇಕಲ್ಲ, ಇರ್ಲಿ ಬಿಡಿ."

ನಾಲ್ಕು ದಿನದ ತರಬೇತಿ ಮುಗಿಯಿತು. ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ ತೆಗೆದಳು. ಸಂಜೆ ಟೀಚರಿನ ಮುಂದೆ ಪುಸ್ತಕಗಳು ಬಂದಾಗ ಮೇಲಿದ್ದದ್ದೇ ಅವಳದ್ದು. ಫೋಟೋದಲ್ಲಿ ಹಲ್ಲು ಬಿಟ್ಟುಕೊಂಡು ನಕ್ಕಿದ್ದಳು. ಕೆಂಪು ಪಟ್ಟಿಯ ಹತ್ತಿರದ ನಿಲ್ಲಿಸುವ ಗುಂಡಿ, ಬಟ್ಟೆಯ ಗಾಡಿ, ನಿಲ್ಲುವ ಜಾಗ ಎಲ್ಲವೂ ಬಲಗೈಯವರಿಗೆಂದೇ ಮಾಡಿದ್ದು. ಎಡಗೈಯವರಿಗೆ ಒಂದು ವಾರ ಹೆಚ್ಚೇ ಬೇಕೆಂದು ಟೀಚರಿಗೆ ಗೊತ್ತಿತ್ತು. ಹಿಂದೆ ಅಂಥವರು ಇಬ್ಬರು ಬಂದಾಗ ತಿಂಗಳಿಡೀ ಬಿಸಿ ರೋಲರಿನ ಹತ್ತಿರ ಬಿಟ್ಟಿರಲಿಲ್ಲ. ಪುಸ್ತಕ ಪಕ್ಕಕ್ಕಿಟ್ಟು ಉಳಿದವರದ್ದಕ್ಕೆಲ್ಲ ರುಜು ಹಾಕಿದಳು. ಕೊನೆಗೆ ಅದೊಂದೇ ಉಳಿಯಿತು. ಹಾಕದಿದ್ದರೆ ಪುಟ್ಟಿ ಆ ಚೀಟಿಯನ್ನು ಕೊರಳಿಂದ ತೆಗೆದು ಕೊಡಬೇಕು. ಮನೆಯಲ್ಲಿ ದಿನಾ ಕಣ್ಣ ಮುಂದೆಯೇ ಇರುತ್ತಾಳೆ, ಕೆಲಸ ಮುಗಿದ ಮೇಲೆ ದಿನಕ್ಕೊಂದು ಗಂಟೆ ತಣ್ಣನೆಯ ರೋಲರಿನಲ್ಲಿ ಹೇಳಿಕೊಟ್ಟರಾಯಿತು, ಎಂದುಕೊಂಡಳು. ಒಂದರಿಂದ ಇಪ್ಪತ್ತೊಂದರವರೆಗೆ ರುಜು ಹಾಕಿದಳು.

ಎರಡು ಸಂಜೆ ಹೇಳಿಕೊಟ್ಟಳು ಕೂಡ. ಪುಟ್ಟಿಗೆ ಅದೊಂದು ಆಟ. "ಬಿಡು" ಅಂದರೆ ಕೈ ಎತ್ತಿ ಸುತ್ತ ಒಂದು ಕುಣಿತ ಹಾಕುತ್ತಿದ್ದಳು. ಆದರೆ ಟೀಚರ್ ಏನೂ ಹೇಳದೆ ಅಂಚು ಮಡಚಿಬಿಟ್ಟರೆ ಎಡಗೈ ಮೆಲ್ಲಗೆ ಮುಂದೆ ಹೋಗುತ್ತಿತ್ತು. ಮೂರನೇ ಸಂಜೆ ಟೀಚರಿಗೆ ಸೊಂಟ ನೋವು. ನಾಲ್ಕನೇ ಸಂಜೆ ಕೊನೆಯ ಬಸ್ಸು ಬೇಗ ಹೊರಡುತ್ತದೆಂದು ಇಬ್ಬರೂ ಮನೆಗೆ ಹೋದರು. ಐದನೇ ದಿನ ಟೀಚರನ್ನು ತರಬೇತುದಾರರ ಕಾರ್ಯಾಗಾರಕ್ಕೆ ಕಳಿಸಿದರು.

ಕಾರ್ಯಾಗಾರ ಒಂದು ದೊಡ್ಡ ಹೋಟೆಲಿನಲ್ಲಿ. ಕಾಲಿಟ್ಟರೆ ಹೂತುಹೋಗುವಂಥ ನೆಲಹಾಸು. ಬೇರೆ ಬೇರೆ ಕಂಪನಿಗಳ ಮೂವತ್ತು ಜನ. ಚೆಂಡು ಎಸೆದು ಹೆಸರು ಹೇಳುವ ಆಟ ಆಡಿಸಿದರು. ಕಾಗದದ ಲೋಟಗಳಿಂದ ಗೋಪುರ ಕಟ್ಟಿಸಿದರು. ಟೀಚರಿನ ಗುಂಪಿನ ಗೋಪುರವೇ ಎತ್ತರ; ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳು ಬಾಯಿಗೆ ಕೈ ಅಡ್ಡ ಹಿಡಿದು ಚಿಕ್ಕ ಮಗುವಿನ ಹಾಗೆ ನಕ್ಕಳು. ಎಷ್ಟೋ ವರ್ಷವಾಗಿತ್ತು ಹಾಗೆ ನಕ್ಕು. ಬೆಳಿಗ್ಗೆ ಹನ್ನೊಂದೂಕಾಲಿಗೆ ಫೋನು ಬಂದಾಗಲೂ ಅವಳ ಮುಖದ ಮೇಲೆ ಆ ನಗು ಇತ್ತು.

"ಟೀಚರ್, ನಿಮ್ಮ ನಾದಿನಿ..." ಅಂದಳು ಆಚೆ ಕಡೆಯವಳು. ಆಮೇಲೆ ಬರೀ ಅಳು ಕೇಳಿಸಿತು.

ಎಡಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು. ಅಂಗೈ ಸುಟ್ಟು ಮುದುಡಿತ್ತು. ಮಡಚಿಕೊಂಡದ್ದು ಒಂದು ದಿಂಬಿನ ಕವರಿನ ಅಂಚು.

ಎರಡನೇ ದಿನ ಪುಟ್ಟಿಗೆ ಮಾತಾಡುವಷ್ಟು ಎಚ್ಚರ ಬಂತು. ಆಸ್ಪತ್ರೆಯ ಮಂಚದ ಮೇಲೆ ಹಾಸಿದ್ದ ಶೀಟು ತಮ್ಮ ಲಾಂಡ್ರಿಯದ್ದೇ ಎಂದು ಅಂಚಿನ ಹೊಲಿಗೆ ನೋಡಿಯೇ ಟೀಚರಿಗೆ ಗೊತ್ತಾಗಿತ್ತು. ಅದರ ಮೇಲೆ ಕೂರಲಾಗದೆ ನಿಂತೇ ಇದ್ದಳು. ಪುಟ್ಟಿ ಅವಳನ್ನು ನೋಡಿ ಮೊದಲು ಹೇಳಿದ ಮಾತು ಇದು:

"ನಿಮ್ಮ ಹೆಸರು ಕೆಡಿಸಿಬಿಟ್ಟೆ ಅತ್ತಿಗೆ."

"ಏನೇ ಹಾಗಂದ್ರೆ?"

"ಹದಿನೇಳು ವರ್ಷದಲ್ಲಿ ಒಬ್ರಿಗೂ ಆಗಿರಲಿಲ್ಲ ಅಂತ ಎಲ್ರೂ ಹೇಳ್ತಿದ್ರು. ನಾನೇ ಮೊದಲು. ನೀವು ಅಷ್ಟು ಸಲ ಹೇಳಿದ್ರಿ. ನನ್ನ ಮಂದ ಬುದ್ಧಿಗೆ ಹೋಗಲಿಲ್ಲ."

ಟೀಚರ್ ಶೀಟಿನ ಅಂಚು ಸರಿಮಾಡಿದಳು. ಹಾಗಲ್ಲ ಕಣೇ ಎನ್ನಬೇಕು. ಬಾಯಿ ತೆರೆದಳು. "ಮಾತಾಡ್ಬೇಡ, ಸುಸ್ತಾಗುತ್ತೆ" ಎಂದುಬಿಟ್ಟಳು.

ಪುಟ್ಟಿ ಆಸ್ಪತ್ರೆಯಲ್ಲಿದ್ದ ಹತ್ತೊಂಬತ್ತು ದಿನವೂ ನೋಡಲು ಬಂದವರ ಮುಂದೆಲ್ಲ ಅದನ್ನೇ ಹೇಳಿದಳು: ಅತ್ತಿಗೆ ಚೆನ್ನಾಗಿ ಕಲಿಸಿದ್ದರು, ತಪ್ಪು ತನ್ನದೇ. ದಾದಿಗೆ ಹೇಳಿದಳು, ಪಕ್ಕದ ಮಂಚದವಳಿಗೆ ಹೇಳಿದಳು, ಹೂಗುಚ್ಛ ಹಿಡಿದು ಬಂದ ಸ್ಲೈಡ್ ಸಾಹೇಬನಿಗೂ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ. ಟೀಚರ್ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು. ಅನ್ನ ಸೇರಲಿಲ್ಲ. ಗಂಡನ ಮುಖ ನೋಡಲು ಧೈರ್ಯ ಸಾಲಲಿಲ್ಲ. ಅವನೋ ಬೆಳಿಗ್ಗೆ ಎದ್ದು ಉಳಿ, ಗರಗಸ ತೆಗೆದುಕೊಂಡು ಹೋದರೆ ಸಂಜೆ ಬಂದು ತಂಗಿಯ ಖಾಲಿ ಹಾಸಿಗೆಯ ಪಕ್ಕ ಸುಮ್ಮನೆ ಕೂತಿರುತ್ತಿದ್ದ.

ಕಂಪನಿಯಲ್ಲಿ ಅಪಘಾತದ ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಮೂವರೂ ಇದ್ದರು. ಪುಟ್ಟಿ ಗೋಡೆಗೆ ಒರಗಿ, ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡಿದ್ದಳು. "ನಾಳೆ ಕೇಳಿದ್ರೆ ತಪ್ಪೆಲ್ಲ ನನ್ನ ಮೇಲೇ ಹಾಕಿಬಿಡಿ ಅತ್ತಿಗೆ, ನನಗೆ ಹೋಗೋದೇನಿದೆ" ಅಂದಳು.

ಟೀಚರಿಗೆ ಇನ್ನು ತಡೆಯಲಾಗಲಿಲ್ಲ.

"ನಿನ್ನದು ತಪ್ಪಿಲ್ಲ. ನಿನಗೆ ಇಪ್ಪತ್ತೊಂದು ದಿನ ಕಲಿಸಬೇಕಿತ್ತು. ಎಡಗೈಯವಳು, ನಿನಗೆ ಒಂದು ತಿಂಗಳೇ ಬೇಕಿತ್ತು. ಅದು ಗೊತ್ತಿದ್ದೂ ನಾನು ಸಾಕು ಅಂತ ರುಜು ಹಾಕಿದೆ. ಬಿಡೋದನ್ನ ನಿನಗೆ ನಾನು ಕಲಿಸಲೇ ಇಲ್ಲ ಪುಟ್ಟಿ."

ಪುಟ್ಟಿ ಅವಳನ್ನೇ ನೋಡಿದಳು. ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಗೊತ್ತಿತ್ತಾ?"

"ಗೊತ್ತಿತ್ತು."

"ಹಳಬರಿಗೆಲ್ಲ ಕಲಿಸಿದ್ರಿ."

"ಹೌದು."

ಬಡಗಿ ಎದ್ದು ನಿಂತ, ಮತ್ತೆ ಕೂತ. ಪುಟ್ಟಿ ಕೈಯ ಕಡೆ ನೋಡಿಕೊಂಡು ನಿಧಾನವಾಗಿ ಹೇಳಿದಳು:

"ತಪ್ಪು ನನ್ನದೇ ಆಗಿದ್ದಿದ್ರೆ ಚೆನ್ನಾಗಿತ್ತು."

ಅವಳು ಅಳಲಿಲ್ಲ. ಬೈದಿದ್ದರೆ, ಕೈಗೆ ಸಿಕ್ಕಿದ್ದನ್ನು ಎಸೆದಿದ್ದರೆ ಟೀಚರ್ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಪುಟ್ಟಿ ಗೋಡೆಯ ಕಡೆ ತಿರುಗಿ ಮಲಗಿದಳು. ಗಂಡ ಅಂಗಳಕ್ಕೆ ಹೋಗಿ, ಹೋದವನು ಒಂದೇ ಮಾತಿಗಾಗಿ ಹಿಂದಿರುಗಿ ಬಂದ.

"ನನಗೆ ಒಂದು ಮಾತು ಹೇಳಬಹುದಿತ್ತು. ಕೂಲಿಗೆ ಬಂದ ಹುಡುಗನ್ನಾದ್ರೂ ಆರು ತಿಂಗಳು ಮರಳುಕಾಗದ ತಿಕ್ಕಿಸದೆ ಗರಗಸ ಮುಟ್ಟೋಕೆ ಬಿಡಲ್ಲ ನಾನು. ನಿನಗೆ ಗೊತ್ತಿಲ್ವಾ?"

ಅವಳಿಗೆ ಗೊತ್ತಿತ್ತು. ಆ ಊರಿನಲ್ಲಿ ಅವಳಷ್ಟು ಚೆನ್ನಾಗಿ ಅದನ್ನು ತಿಳಿದವರೇ ಇರಲಿಲ್ಲ.

ಮರುದಿನ ವಿಚಾರಣೆ. ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದಳು, ಕನ್ನಡಕದ ಹೆಂಗಸು, ಕೆಟ್ಟವಳೇನಲ್ಲ, ಆದರೆ ಅವಳಿಗೆ ಅದೇ ದಿನ ಇನ್ನೆರಡು ಕಡೆ ಹೋಗಬೇಕಿತ್ತು. ಮೇಜಿನ ಮೇಲೆ ಪುಟ್ಟಿಯ ತರಬೇತಿ ಪುಸ್ತಕ.

"ಈ ಇಪ್ಪತ್ತೊಂದು ರುಜುಗಳೂ ನಿಮ್ಮವೇನಾ?"

"ನನ್ನವೇ. ಆದರೆ ಕಲಿಸಿದ್ದು ನಾಲ್ಕೇ ದಿನ. ಎಲ್ಲರಿಗೂ ನಾಲ್ಕೇ ದಿನ ಮೇಡಂ. ಹಾಕಿ ಅಂದ್ರು, ಹಾಕಿದೆ."

ಅಧಿಕಾರಿ ಸ್ಲೈಡ್ ಸಾಹೇಬನ ಕಡೆ ನೋಡಿದಳು. ಅವನು ನಿಜವಾಗಿಯೂ ನೊಂದವನ ಹಾಗೆ ಕಂಡ. ಪುಸ್ತಕದ ಎರಡನೇ ಪುಟ ತೆಗೆದು, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದ: ತರಬೇತುದಾರರಿಗೆ ತೃಪ್ತಿಯಾಗದಿದ್ದಲ್ಲಿ ತರಬೇತಿಯನ್ನು ಎಷ್ಟು ದಿನ ಬೇಕಾದರೂ ಮುಂದುವರಿಸಬಹುದು.

"ಸುಳ್ಳು ರುಜು ಹಾಕಿ ಅಂತ ನಾವು ಯಾರಿಗೂ ಹೇಳಿಲ್ಲ. ಇವರ ಮೇಲೆ ನಮಗೆ ಅಷ್ಟು ನಂಬಿಕೆ ಇತ್ತು."

ಆ ಸಾಲನ್ನು ಟೀಚರ್ ಎಂದೂ ಓದಿರಲಿಲ್ಲ. ಓದಿದ್ದರೂ ಬಾಗಿಲ ಆಚೆ ಏಳು ಜನ ನಿಂತೇ ಇರುತ್ತಿದ್ದರು. ಆದರೆ ಅದನ್ನು ಅಲ್ಲಿ ಹೇಗೆ ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ.

ಮೊದಲೆರಡು ತಂಡದ ಹದಿನಾಲ್ಕು ಹೆಂಗಸರನ್ನು ಒಬ್ಬೊಬ್ಬರಾಗಿ ಕರೆಸಿದರು. ಎಷ್ಟು ದಿನ ಕಲಿತಿರಿ ಎಂದರೆ ಒಬ್ಬೊಬ್ಬಳೂ ನೆಲ ನೋಡಿಕೊಂಡು "ಇಪ್ಪತ್ತೊಂದು" ಎಂದಳು. ಕೊನೆಯವಳು ಹೊರಗೆ ಹೋಗುವಾಗ ಟೀಚರಿನ ಭುಜ ಮುಟ್ಟಿ, "ಕ್ಷಮಿಸಿ ಟೀಚರ್, ಮನೇಲಿ ನಾನೊಬ್ಳೇ ದುಡಿಯೋದು" ಎಂದು ಪಿಸುಗುಟ್ಟಿದಳು. ಟೀಚರಿಗೆ ಅವರ ಮೇಲೆ ಕೋಪ ಬರಲಿಲ್ಲ. ಅವರ ಬಾಯಿಂದ ಬಂದದ್ದು ಅವಳ ಕೈ ಬರೆದ ಸುಳ್ಳೇ.

ವರದಿ ಬಂತು. ಮೂರನೇ ಕಂಡಿಕೆಯಲ್ಲಿ, ಕಾರ್ಮಿಕಳು ದಾಖಲೆಯ ಪ್ರಕಾರ ಪೂರ್ಣ ತರಬೇತಿ ಪಡೆದಿದ್ದು ಅಪಘಾತ ಅವಳ ಅಜಾಗರೂಕತೆಯಿಂದ ಆಯಿತೆಂದಿತ್ತು. ಆರನೇ ಕಂಡಿಕೆಯಲ್ಲಿ, ತರಬೇತುದಾರಳು ತಾನು ಸುಳ್ಳು ದಾಖಲೆ ಬರೆದಿರುವುದಾಗಿ ಒಪ್ಪಿಕೊಂಡಿದ್ದಾಳೆಂದಿತ್ತು. ಎರಡೂ ಒಂದೇ ಹಾಳೆಯ ಮೇಲೆ. ಟೀಚರ್ ಅದನ್ನು ಹಿಡಿದುಕೊಂಡು ಮ್ಯಾನೇಜರಿನ ಹತ್ತಿರ ಹೋದಳು.

"ಇದರಲ್ಲಿ ಒಂದು ನಿಜ ಆದ್ರೆ ಇನ್ನೊಂದು ಹೇಗೆ ನಿಜ ಆಗುತ್ತೆ ಸರ್?"

"ವರದೀನ ಸಹಿ ಮಾಡಿ ಇಸ್ಕೊಂಡಿದ್ದೀರಲ್ಲ, ಆಯ್ತು ಬಿಡಿ" ಎಂದ ಅವನು, ಮುಖ ಎತ್ತದೆ.

ಪುಟ್ಟಿಯ ಗುರುತಿನ ಚೀಟಿಯನ್ನು ವಾಪಸು ಕೇಳಿ ಕಾಗದ ಬಂತು. ಟೀಚರನ್ನು ಕೆಲಸದಿಂದ ತೆಗೆಯಲಿಲ್ಲ. ಹಳಬಳೆಂದು ಕರುಣೆ ತೋರಿದ್ದೇವೆ ಎಂದರು. ತರಬೇತಿಯಿಂದ ತೆಗೆದು, ಶೆಡ್ಡಿನ ಹಿಂಭಾಗದಲ್ಲಿ ಆಸ್ಪತ್ರೆಯಿಂದ ಬಂದ ಕೊಳಕು ಬಟ್ಟೆ ವಿಂಗಡಿಸುವ ಕಡೆ ಹಾಕಿದರು. ರಕ್ತದ್ದು ಒಂದು ಕಡೆ, ಮಲದ್ದು ಒಂದು ಕಡೆ, ಬರೀ ಬೆವರಿನದ್ದು ಒಂದು ಕಡೆ. ಅಲ್ಲಿ ಯಾರೂ ಅವಳನ್ನು ಟೀಚರ್ ಎನ್ನಲಿಲ್ಲ. ಹೊಸಬರಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ತರಬೇತಿಯನ್ನು ಇನ್ನೊಬ್ಬಳಿಗೆ ವಹಿಸಿದರು, ಹಿಂದೆ ಇವಳ ಹತ್ತಿರವೇ ಕಲಿತ ಜಾಣ ಹೆಂಗಸು. ಒಂದು ಮಧ್ಯಾಹ್ನ ಅವಳ ಮೇಜಿನ ಮೇಲೆ ಪುಸ್ತಕಗಳ ಕಟ್ಟು ಬಂದದ್ದನ್ನು ಇವಳು ದೂರದಿಂದ ಕಂಡಳು. ಆ ಹೆಂಗಸು ಪೆನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಿದ್ದಳು. ಇವಳು ಕೈಗವಸು ಕಳಚಿ ಎರಡು ಹೆಜ್ಜೆ ಆ ಕಡೆ ಇಟ್ಟಳು ಕೂಡ. ಅಷ್ಟರಲ್ಲಿ ಆ ಹೆಂಗಸು ಬರೆಯತೊಡಗಿದ್ದಳು.

ಮನೆಯಲ್ಲಿ ಪುಟ್ಟಿ ಮಾತು ಬಿಟ್ಟಿರಲಿಲ್ಲ. ಊಟಕ್ಕೆ ಬನ್ನಿ, ನೀರು ಬಂತು, ಬಾಗಿಲು ಹಾಕಿದೆ, ಎಲ್ಲ ಹೇಳುತ್ತಿದ್ದಳು. ಆದರೆ ತಮಾಷೆ ನಿಂತುಹೋಯಿತು. ಅವಳು ಮಾತಾಡದಿದ್ದರೆ ಆ ಮನೆಯಲ್ಲಿ ಮಾತಾಡುವವರೇ ಇಲ್ಲವೆಂಬುದು ಆಗ ಗೊತ್ತಾಯಿತು. ಗಂಡ ಹೆಂಡತಿ ಒಂದೇ ಚಾಪೆಯ ಎರಡು ಅಂಚಿನಲ್ಲಿ ಮಲಗುತ್ತಿದ್ದರು.

ಗಾಯ ಮಾಗಿದ ಮೇಲೆ, ಒಂದು ಬೆಳಿಗ್ಗೆ, ಪುಟ್ಟಿ ತರಕಾರಿ ಹೆಚ್ಚಲು ಕೂತಳು. ಎಡ ಮಣಿಕಟ್ಟಿನಿಂದ ಈರುಳ್ಳಿಯನ್ನು ಮಣೆಗೆ ಒತ್ತಿ ಹಿಡಿದು, ಬಲಗೈಯಲ್ಲಿ ಚಾಕು ಹಿಡಿದಳು. ಈರುಳ್ಳಿ ಜಾರಿ ಒಲೆಯ ಬುಡಕ್ಕೆ ಉರುಳಿತು. ತಂದು ಮತ್ತೆ ಇಟ್ಟಳು. ಮತ್ತೆ ಉರುಳಿತು. ಟೀಚರ್ ಕೆಲಸಕ್ಕೆ ಹೊರಟವಳು ಹೊಸ್ತಿಲಲ್ಲಿ ನಿಂತು ನೋಡಿದಳು. ಮೊಣಕೈ ತೀರಾ ಮೇಲಿದೆ. ಮೊದಲು ಈರುಳ್ಳಿಯನ್ನು ಎರಡು ಹೋಳು ಮಾಡಿ ಮಟ್ಟಸವಾದ ಕಡೆ ಕೆಳಗಿಟ್ಟರೆ ಉರುಳುವುದಿಲ್ಲ. ಚಾಕುವಿನ ಹಿಡಿ ಇನ್ನೂ ಹಿಂದಕ್ಕೆ ಹಿಡಿಯಬೇಕು. ಹದಿನೈದು ದಿನ ದಿನಕ್ಕೆ ಅರ್ಧ ಗಂಟೆ ಮಾಡಿಸಿದರೆ ಬಲಗೈಗೆ ಬಂದೇ ಬರುತ್ತದೆ. ಅವಳಿಗೆ ಎಲ್ಲ ಕಾಣುತ್ತಿತ್ತು.

ಚಪ್ಪಲಿ ಬಿಟ್ಟು ಒಳಗೆ ಬಂದು ಪಕ್ಕದಲ್ಲಿ ಕೂತಳು.

"ಹೀಗಲ್ಲ, ಕೊಡಿಲ್ಲಿ. ನಾನು ಹೇಳಿಕೊಡ್ತೀನಿ ಬಾ."

ಪುಟ್ಟಿ ಚಾಕು ಕೊಡಲಿಲ್ಲ. ಕೋಪದಿಂದಲೂ ಅಲ್ಲ, ದುಃಖದಿಂದಲೂ ಅಲ್ಲ, ಬೀದಿಯಲ್ಲಿ ಸಿಕ್ಕವರಿಗೆ ದಾರಿ ಬಿಡುವ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ಕೂತಳು.

"ಬೇಡಿ ಅತ್ತಿಗೆ. ನಾನೇ ಕಲಿತ್ಕೋತೀನಿ. ನಿಮಗೆ ಬಸ್ಸು ತಪ್ಪುತ್ತೆ."

ಟೀಚರ್ ಎದ್ದಳು. ಚಪ್ಪಲಿ ಮೆಟ್ಟಿದಳು. ಗೇಟಿನವರೆಗೆ ಹೋಗುವಷ್ಟರಲ್ಲಿ ಈರುಳ್ಳಿ ಇನ್ನೊಂದು ಸಲ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಬಸ್ಸು ಬಂತು, ಹತ್ತಿದಳು.